ತಗಡಿನ ಶೆಡ್ಡಿಗೆ ಕರೆಂಟು ಎಳೆಯುವ ಮುನ್ನ: ಅರ್ಥಿಂಗ್ ಮತ್ತು ವೈರಿಂಗ್ ಸಮಗ್ರ ಮಾರ್ಗದರ್ಶಿ

ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ರೋಹಿಣಿ ಮಳೆ ಬಿದ್ದ ಮರುದಿನ ಬೆಳಿಗ್ಗೆ ಎಮ್ಮೆಯೊಂದು ತನ್ನ ಶೆಡ್ಡಿನೊಳಗೆ ಹೋಗಲು ಒಪ್ಪಲಿಲ್ಲ. ಬಾಗಿಲ ಹತ್ತಿರ ಬಂದು ಮುಂಗಾಲು ಎತ್ತುತ್ತಿತ್ತು, ಮೈ ನಡುಗಿಸಿ ಹಿಂದಕ್ಕೆ ಸರಿಯುತ್ತಿತ್ತು. ಮನೆಯ ಅಜ್ಜಿ ದೃಷ್ಟಿಯಾಗಿದೆ ಎಂದು ಚೌಕಟ್ಟಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. "ಬಲ್ಬು ಉರಿಯುತ್ತಿದೆ, ಫ್ಯಾನೂ ತಿರುಗುತ್ತಿದೆ. ಕರೆಂಟಿನದೇನೂ ತೊಂದರೆ ಇಲ್ಲ ತಮ್ಮಾ" ಎಂದರು. ನಾನು ಮೀಟರಿನ ಒಂದು ಮೊನೆಯನ್ನು ಶೆಡ್ಡಿನ ಕಂಬಕ್ಕೂ ಇನ್ನೊಂದನ್ನು ನಾಲ್ಕು ಹೆಜ್ಜೆ ಆಚೆ ಹಸಿ ನೆಲಕ್ಕೆ ಚುಚ್ಚಿದ ಮೊಳೆಗೂ ಹಿಡಿದೆ. 160 ವೋಲ್ಟ್ ತೋರಿಸಿತು.

ತಗಡು ಬಿಗಿಯುವ ಸ್ಕ್ರೂ ಒಂದು ಅಡ್ಡಪಟ್ಟಿಯ ಪೊಳ್ಳಿನೊಳಗೆ ಹಾದಿದ್ದ ವೈರಿನ ಸಿಪ್ಪೆಯನ್ನು ಸೀಳಿತ್ತು. ರಾತ್ರಿಯಿಡೀ ಇಡೀ ಶೆಡ್ಡೇ ಫೇಸ್ (ಕರೆಂಟು ಬರುವ ಎಳೆ) ಆಗಿ ನಿಂತಿತ್ತು. ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಬಿದ್ದು ಕಡಿಯುವ ಸ್ವಿಚ್ಚು) ಬಿದ್ದಿರಲಿಲ್ಲ. ಇಷ್ಟಾಗಿಯೂ ಆ ಶೆಡ್ಡಿಗೆ ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಜೋಡಣೆ) ಇರಲಿಲ್ಲವೆಂದಲ್ಲ. ಮೂಲೆಯಲ್ಲಿ ಮೂರು ಅಡಿ ಪೈಪು ಬಡಿದು, ಹಸಿರು ವೈರು ಸುತ್ತಿ, ಕಂಬಕ್ಕೆ ಕಟ್ಟಿದ್ದರು. "ಅರ್ಥಿಂಗ್ ಕೊಟ್ಟಿದ್ದೇವಲ್ಲ" ಎಂದು ಮನೆಯವರು ನಿಶ್ಚಿಂತೆಯಿಂದ ಇದ್ದರು.

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ದನದ ಕೊಟ್ಟಿಗೆ, ಮೋಟರು ಮನೆ, ಭತ್ತದ ಗೋದಾಮು, ಕುರಿ ದೊಡ್ಡಿ, ಜೀನ್ಸ್ ಹೊಲಿಯುವ ಕೋಣೆ ಎಲ್ಲವೂ ಈಗ ತಗಡಿನವು. ಕಟ್ಟಿಗೆ, ಮಣ್ಣಿನ ಗೋಡೆಯ ಕಾಲದಲ್ಲಿ ಒಂದು ವೈರು ಸೀಳಿದರೆ ಅಪಾಯ ಆ ಒಂದು ಜಾಗದಲ್ಲಿ ಇರುತ್ತಿತ್ತು. ತಗಡಿನಲ್ಲಿ ಅದು ಬಾಗಿಲು, ಕಂಬ, ದಾವಣಿ ಗೂಟ, ಬಟ್ಟೆ ಒಣಹಾಕಿದ ತಂತಿ ಎಲ್ಲಕ್ಕೂ ಹರಡುತ್ತದೆ. ಹಾಗಾಗಿ ಇಲ್ಲಿ ವೈರಿಂಗ್ ಮಾಡುವ ಕ್ರಮವೇ ಬೇರೆಯಾಗಬೇಕು.

ಕೆಲಸವನ್ನು ಪರ್ಮಿಟ್ ಇರುವ ವೈರ್‌ಮನ್ ಅಥವಾ ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಈ ಬರಹ ಅವರ ಪಕ್ಕದಲ್ಲಿ ನಿಂತು ನೋಡುವ, ಕೇಳುವ, ಬೇಕಾದರೆ "ಇದು ಹೀಗಲ್ಲ" ಎನ್ನುವ ಮನೆಯವರಿಗಾಗಿ. ಹೊಸದಾಗಿ ಕೆಲಸ ಕಲಿಯುತ್ತಿರುವ ಹುಡುಗರಿಗಾಗಿಯೂ ಹೌದು.

ಮೊದಲು ಒಂದು ಲೆಕ್ಕ

ಆ ಶೆಡ್ಡಿನ ಪೈಪನ್ನು ಆಮೇಲೆ ಅಳೆದಾಗ 38 ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಬಂತು. ಊರ ಟಿ.ಸಿ.ಯ (ಟ್ರಾನ್ಸ್‌ಫಾರ್ಮರಿನ) ನ್ಯೂಟ್ರಲ್ ಅರ್ಥಿಂಗ್ ಗುಂಡಿ 4 ಓಮ್ ಇದೆ ಎಂದಿಟ್ಟುಕೊಳ್ಳೋಣ. ಸೀಳಿದ ವೈರಿನಿಂದ ಕಂಬಕ್ಕೆ ಬಂದ ಕರೆಂಟು ಪೈಪಿನ ಮೂಲಕ ನೆಲಕ್ಕೆ ಇಳಿದು, ಮಣ್ಣಿನಲ್ಲಿ ಹರಿದು, ಟಿ.ಸಿ.ಗೆ ಮರಳಬೇಕು. ದಾರಿಯ ಒಟ್ಟು ತಡೆ 42 ಓಮ್. 230 ವೋಲ್ಟನ್ನು 42ರಿಂದ ಭಾಗಿಸಿದರೆ ಸುಮಾರು 5.5 ಆಂಪಿಯರ್. ಅಲ್ಲಿದ್ದದ್ದು 16 ಆಂಪಿಯರಿನ ಸಿ ಮಾದರಿಯ ಎಂಸಿಬಿ. ಅದು ಥಟ್ಟನೆ ಬೀಳಬೇಕಾದರೆ ಕನಿಷ್ಠ 80 ಆಂಪಿಯರ್ ಹರಿಯಬೇಕು. 5.5 ಆಂಪಿಯರ್ ಅದಕ್ಕೆ ದೊಡ್ಡ ಫ್ಯಾನು, ಮೋಟರು ಓಡಿದಂತೆ, ಅಷ್ಟೇ. ಇತ್ತ ಕಂಬದ ಮೇಲೆ 5.5 ಗುಣಿಸು 38, ಅಂದರೆ ಸುಮಾರು 208 ವೋಲ್ಟ್ ನಿಂತಿರುತ್ತದೆ (ನನ್ನ ಮೊಳೆ ಶೆಡ್ಡಿಗೆ ಹತ್ತಿರವೇ ಇದ್ದುದರಿಂದ ಮೀಟರು 160 ತೋರಿಸಿತ್ತು). ಮಣ್ಣಿಗೆ ಹೋಗುತ್ತಿದ್ದ ಆ ಕರೆಂಟಿಗೆ ಹತ್ತು ತಾಸಿನಲ್ಲಿ ಹನ್ನೆರಡು ಯೂನಿಟ್ ಬಿಲ್ಲೂ ಬಂದಿರುತ್ತದೆ. ಬಿಲ್ಲು ಕಾರಣವಿಲ್ಲದೆ ಏರಿದರೆ ಮೀಟರನ್ನು ಬೈಯುವ ಮೊದಲು ಶೆಡ್ಡನ್ನು ನೋಡಿರಿ.

ಒಳ್ಳೆಯ ಗುಂಡಿ ತೋಡಿದರೆ ಸಾಕಲ್ಲವೇ? ಗುಂಡಿಯನ್ನು 5 ಓಮಿಗೆ ಇಳಿಸಿದರೂ ಲೆಕ್ಕ ಕೂಡುವುದಿಲ್ಲ. 9 ಓಮಿಗೆ ಸುಮಾರು 25 ಆಂಪಿಯರ್ ಹರಿಯುತ್ತದೆ, ಕಂಬದ ಮೇಲೆ 128 ವೋಲ್ಟ್ ಉಳಿಯುತ್ತದೆ. ಎಂಸಿಬಿ ಬಿಸಿಯಾಗಿ ಬೀಳುವುದಕ್ಕೆ ಆಗಲೂ ನಿಮಿಷಗಟ್ಟಲೆ ಬೇಕು. ನಮ್ಮ ನೆಲದಲ್ಲಿ ಅರ್ಥಿಂಗ್ ಗುಂಡಿಯೊಂದೇ ಎಂಸಿಬಿಯನ್ನು ಬೀಳಿಸಲಾರದು.

ಇಂಥ ಕಡೆ ಕರೆಂಟನ್ನು ಕಡಿಯುವುದು ಆರ್‌ಸಿಸಿಬಿ, ಅಂದರೆ ಸೋರಿಕೆ ಕಂಡರೆ ಬೀಳುವ ಸ್ವಿಚ್ಚು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ಮರಳಿ ಬಂತೇ ಎಂಬುದನ್ನು ಅದು ಸದಾ ತೂಗುತ್ತಿರುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವುದರೊಳಗೆ ಕಡಿದು ಹಾಕುತ್ತದೆ. ಅಜ್ಜಿಯ ಶೆಡ್ಡಿನ 5.5 ಆಂಪಿಯರ್ ಅದರ 180 ಪಟ್ಟಿಗಿಂತ ಹೆಚ್ಚು. ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗದಲ್ಲಿ ಬಿದ್ದಿರುತ್ತಿತ್ತು.

ಹಾಗಾದರೆ ಗುಂಡಿ ಏಕೆ ಎಂದು ಕೇಳಬಹುದು. ಗುಂಡಿ ಇದ್ದರೆ ಆರ್‌ಸಿಸಿಬಿ ಮನುಷ್ಯ ಮುಟ್ಟುವ ಮೊದಲೇ ಬೀಳುತ್ತದೆ. ಇಲ್ಲದಿದ್ದರೆ ಮನುಷ್ಯ ಮುಟ್ಟಿದ ಮೇಲೆ, ಅವನ ಮೈಯ ಮೂಲಕವೇ ಕರೆಂಟು ಹರಿದಾಗ ಬೀಳುತ್ತದೆ. ಎರಡೂ ಜೊತೆಯಾಗಿಯೇ ಬೇಕು. ಇಡೀ ಬರಹದಲ್ಲಿ ಒಂದೇ ಮಾತು ನೆನಪಿನಲ್ಲಿ ಉಳಿಯುವುದಾದರೆ ಇದು ಉಳಿಯಲಿ.

ಹಂತ 1: ಶೆಡ್ಡಿನ ಜಾಗ ಮತ್ತು ಮೇಲಿನ ಲೈನು

ತಗಡು ಏರಿಸುವ ಮೊದಲು ತಲೆ ಎತ್ತಿ ನೋಡಿರಿ. 11 ಕೆ.ವಿ. ಲೈನಿನಿಂದ ಕಟ್ಟಡಕ್ಕೆ ನೇರ ಮೇಲೆ ಕನಿಷ್ಠ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್ ಅಂತರ ಇರಬೇಕು. ಇದು ಕಟ್ಟಡಕ್ಕೆ ಹೇಳಿದ ಅಳತೆ. ಕಟ್ಟುವಾಗ ಹದಿನಾರು ಅಡಿಯ ಪೈಪನ್ನು ಹೆಗಲ ಮೇಲಿಟ್ಟು ತಿರುಗುವ ಕೂಲಿಯವನಿಗೆ ಈ ಅಂತರ ಏನೇನೂ ಸಾಲದು. ಲೈನಿನ ಹತ್ತಿರ ಕೆಲಸವಿದ್ದರೆ ಜೆಸ್ಕಾಂ ಶಾಖಾ ಕಚೇರಿಗೆ ಅರ್ಜಿ ಕೊಟ್ಟು ಲೈನು ಬಂದ್ ಮಾಡಿಸಿರಿ. ಜಾಗ ಬದಲಿಸಲು ಸಾಧ್ಯವಾದರೆ ಬದಲಿಸಿಬಿಡಿ, ಅದೇ ಒಳ್ಳೆಯದು.

ಹಂತ 2: ಮನೆಯಿಂದ ಶೆಡ್ಡಿಗೆ ಕೇಬಲ್

ಕಂಬದಿಂದ ಕಂಬಕ್ಕೆ ತೂಗಾಡುವ ವೈರು ನಮ್ಮಲ್ಲಿ ಎಲ್ಲೆಡೆ ಕಾಣುತ್ತದೆ. ಗಾಳಿಗೆ ಅದು ತಗಡಿನ ಅಂಚಿಗೆ ಉಜ್ಜುತ್ತದೆ. ತಗಡಿನ ಅಂಚು ಚೂರಿಯೇ. ಒಂದೆರಡು ಬೇಸಿಗೆಯ ಬಿಸಿಲಿಗೆ ಸಿಪ್ಪೆ ಬಿರುಸಾಗಿ, ಮೂರನೆಯ ಮುಂಗಾರಿಗೆ ಒಳಗಿನ ಲೋಹ ಹೊರಬರುತ್ತದೆ. ಮೇಲಿನಿಂದಲೇ ಎಳೆಯುವ ಅನಿವಾರ್ಯ ಇದ್ದರೆ ವೈರನ್ನು ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿಯ ಆಸರೆಯಲ್ಲಿ ತಂದು, ಆ ತಂತಿಯನ್ನು ಪಿಂಗಾಣಿ ಇನ್ಸುಲೇಟರಿಗೆ ಕಟ್ಟಿ, ಶೆಡ್ಡಿನೊಳಗೆ ಪಿವಿಸಿ ಪೈಪಿನ ಮೂಲಕ ಇಳಿಸಿರಿ. ಆಸರೆ ತಂತಿಯನ್ನು ತಗಡಿನ ಕಂಬಕ್ಕೆ ನೇರವಾಗಿ ಬಿಗಿಯಬೇಡಿ.

ನನ್ನ ಸಲಹೆ ನೆಲದೊಳಗಿನ ಆರ್ಮರ್ಡ್ (ಲೋಹದ ಕವಚದ) ಕೇಬಲ್. 75 ಸೆಂಟಿಮೀಟರ್ ಆಳದ ಕಾಲುವೆ ತೋಡಿ, ತಳದಲ್ಲಿ ಮರಳು ಹಾಸಿ, ಕೇಬಲ್ ಮಲಗಿಸಿ, ಮತ್ತೆ ಮರಳು ಹಾಕಿ, ಮೇಲೆ ಇಟ್ಟಿಗೆ ಸಾಲು ಮುಚ್ಚಿರಿ. ಮುಂದೊಂದು ದಿನ ಯಾರಾದರೂ ಗುದ್ದಲಿ ಹಾಕಿದರೆ ಮೊದಲು ಇಟ್ಟಿಗೆ ಸದ್ದು ಮಾಡುತ್ತದೆ. ಮೂರು ಎಳೆಯ ಕೇಬಲ್ ತೆಗೆದುಕೊಳ್ಳಿರಿ: ಫೇಸ್, ನ್ಯೂಟ್ರಲ್, ಅರ್ಥ್. ದೂರವನ್ನು ನೋಡಿ ಗಾತ್ರ ಆರಿಸಿರಿ. 60 ಮೀಟರ್ ದೂರಕ್ಕೆ 16 ಆಂಪಿಯರ್ ಎಳೆದರೆ 2.5 ಚದರ ಮಿ.ಮೀ. ತಾಮ್ರದಲ್ಲಿ 14 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, 4 ಚದರ ಮಿ.ಮೀ.ನಲ್ಲಿ ಸುಮಾರು 9. ಮೊದಲೇ ವೋಲ್ಟೇಜು ಕಡಿಮೆ ಬರುವ ಹಳ್ಳಿಗಳಲ್ಲಿ ಈ ಐದು ವೋಲ್ಟು ಮೋಟರಿನ ಆಯುಷ್ಯವನ್ನೇ ನಿರ್ಧರಿಸುತ್ತದೆ.

ಹಂತ 3: ಬಾಕ್ಸು ಮತ್ತು ಆರ್‌ಸಿಸಿಬಿ

ಶೆಡ್ಡಿನ ಡಿಬಿ (ಕರೆಂಟು ಹಂಚುವ) ಬಾಕ್ಸು ಪ್ಲಾಸ್ಟಿಕ್‌ನದೇ ಇರಲಿ. ಕಬ್ಬಿಣದ ಬಾಕ್ಸು ಗಟ್ಟಿ ಎಂದು ಬಹಳ ಜನ ಹಾಕಿಸುತ್ತಾರೆ. ಆದರೆ ಆರ್‌ಸಿಸಿಬಿಗೆ ಬಂದು ಸೇರುವ ವೈರು ಆ ಕಬ್ಬಿಣಕ್ಕೆ ತಾಗಿದರೆ ಆರ್‌ಸಿಸಿಬಿಗೆ ಅದು ಕಾಣುವುದೇ ಇಲ್ಲ. ತನ್ನನ್ನು ದಾಟಿ ಹೋದ ಕರೆಂಟನ್ನು ಮಾತ್ರ ಅದು ತೂಗಬಲ್ಲದು. ಇದೇ ಕಾರಣಕ್ಕೆ ಕೇಬಲ್ ಹೊರಡುವ ಮನೆಯ ತುದಿಯಲ್ಲಿ 100 ಮಿಲಿ ಆಂಪಿಯರಿನ, ತುಸು ತಡವಾಗಿ ಬೀಳುವ ಎಸ್ ಮಾದರಿಯ ಆರ್‌ಸಿಸಿಬಿ ಒಂದನ್ನು ಇಟ್ಟು, ಶೆಡ್ಡಿನೊಳಗೆ 30 ಮಿಲಿ ಆಂಪಿಯರಿನದನ್ನು ಇಡುವುದು ಉತ್ತಮ. ಹಣ ಒಂದಕ್ಕೇ ಇದ್ದರೆ 30 ಮಿಲಿ ಆಂಪಿಯರಿನದನ್ನು ಮನೆಯ ತುದಿಯಲ್ಲೇ ಹಾಕಿರಿ, ಕೇಬಲ್ಲೂ ಅದರ ಕಾವಲಿಗೆ ಬರುತ್ತದೆ.

ಆರ್‌ಸಿಸಿಬಿ ಹೆಚ್ಚು ಹೊರೆಯನ್ನು ತಡೆಯುವುದಿಲ್ಲ, ಅದಕ್ಕೆ ಎಂಸಿಬಿ ಬೇಕೇ ಬೇಕು. ದೀಪಕ್ಕೆ 6 ಆಂಪಿಯರ್ ಎಂಸಿಬಿ ಮತ್ತು 1.5 ಚದರ ಮಿ.ಮೀ. ವೈರು, ದೊಡ್ಡ ಸಾಕೆಟಿಗೆ 16 ಆಂಪಿಯರ್ ಮತ್ತು ಕನಿಷ್ಠ 2.5 ಚದರ ಮಿ.ಮೀ.

"ಆರ್‌ಸಿಸಿಬಿ ಮಳೆಗಾಲದಲ್ಲಿ ಪದೇ ಪದೇ ಬೀಳುತ್ತಿತ್ತು, ತೆಗೆಸಿ ನೇರ ಜೋಡಿಸಿಬಿಟ್ಟೆವು." ನಾನು ಅತಿ ಹೆಚ್ಚು ಸಲ ಕೇಳುವ ಮಾತು ಇದು, ಕೇಳಿದಾಗಲೆಲ್ಲ ಎದೆ ಹಿಂಡುತ್ತದೆ. ಅದು ಬೀಳುತ್ತಿದೆ ಎಂದರೆ ಕರೆಂಟು ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕುವುದು ಕಷ್ಟವಲ್ಲ. ಎಲ್ಲ ಎಂಸಿಬಿ ಇಳಿಸಿ, ಪ್ಲಗ್ಗುಗಳನ್ನೆಲ್ಲ ಕಿತ್ತು, ಆರ್‌ಸಿಸಿಬಿ ಎತ್ತಿರಿ. ನಿಂತರೆ ಒಂದೊಂದೇ ಎಂಸಿಬಿ ಏರಿಸಿ, ಒಂದೊಂದೇ ಪ್ಲಗ್ ಹಾಕಿರಿ. ಯಾವುದಕ್ಕೆ ಬಿತ್ತೋ ಅಲ್ಲಿದೆ ದೋಷ. ಎಲ್ಲ ಎಂಸಿಬಿ ಇಳಿಸಿದರೂ ಬೀಳುತ್ತಿದ್ದರೆ ನ್ಯೂಟ್ರಲ್ ವೈರು ಎಲ್ಲೋ ತಗಡಿಗೆ ತಾಗಿದೆ ಎಂದು ತಿಳಿಯಿರಿ. ಸಿಂಗಲ್ ಪೋಲ್ ಎಂಸಿಬಿ ಫೇಸನ್ನಷ್ಟೇ ಕಡಿಯುತ್ತದೆ, ನ್ಯೂಟ್ರಲ್ ಜೋಡಣೆ ಹಾಗೆಯೇ ಉಳಿದಿರುತ್ತದೆ. ವೈರ್‌ಮನ್ ಮೇನ್ ಬಂದ್ ಮಾಡಿ ನ್ಯೂಟ್ರಲ್ ಎಳೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕು.

ಹಂತ 4: ಅರ್ಥಿಂಗ್ ಗುಂಡಿ, ಎರೆಗೆ ಒಂದು ರೀತಿ, ಮಸಾರಿಗೆ ಇನ್ನೊಂದು

ಪೈಪಿನ ಗುಂಡಿಗೆ ಸಾಮಾನ್ಯ ಅಳತೆ ಹೀಗಿದೆ: ಸುಮಾರು 40 ಮಿ.ಮೀ. ವ್ಯಾಸದ, 2.5 ಮೀಟರ್ ಉದ್ದದ ಜಿಐ ಪೈಪು, ಮೈತುಂಬ ರಂಧ್ರ, ಸುತ್ತಲೂ ಇದ್ದಿಲು ಮತ್ತು ಉಪ್ಪಿನ ಪದರಗಳು, ತಲೆಗೆ ನೀರು ಹಾಕುವ ಆಲಿಕೆಯಂಥ ಕೊಳವೆ, ಮೇಲೆ ಇಟ್ಟಿಗೆ ಚೌಕಟ್ಟು, ಮುಚ್ಚಳ. ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರ ಇರಲಿ. ಇದು ಪುಸ್ತಕದ ಗುಂಡಿ. ನೆಲ ಎಲ್ಲೆಡೆ ಒಂದೇ ಅಲ್ಲ.

ಸಿಂಧನೂರು, ಸಿರುಗುಪ್ಪ, ಯಲಬುರ್ಗಾ ಭಾಗದ ಎರೆ ಮಣ್ಣು (ಕಪ್ಪು ಜಿಗುಟು ಮಣ್ಣು) ಹಸಿಯಿದ್ದಾಗ ಕರೆಂಟನ್ನು ಚೆನ್ನಾಗಿ ಹೀರುತ್ತದೆ. ಆಗಸ್ಟಿನಲ್ಲಿ ಅಳೆದರೆ ಯಾವ ವೈರ್‌ಮನ್ನನೂ ಮೆಚ್ಚುವಂಥ ಅಂಕಿ ಬರುತ್ತದೆ. ಏಪ್ರಿಲ್‌ನಲ್ಲಿ ಹೋಗಿ ನೋಡಿರಿ. ನೆಲ ಅಂಗೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಎರೆ ಒಣಗುವಾಗ ಕುಗ್ಗುತ್ತದೆ, ಪೈಪನ್ನು ಬಿಟ್ಟು ಹಿಂದೆ ಸರಿಯುತ್ತದೆ. ಅಜ್ಜಿಯ ಶೆಡ್ಡಿನ ಮೂರು ಅಡಿಯ ಪೈಪಿನ ಮುಚ್ಚಿದ ಮಣ್ಣನ್ನು ಕೆದಕಿದಾಗ ಪೈಪಿಗೂ ಮಣ್ಣಿಗೂ ನಡುವೆ ಪೆನ್ಸಿಲು ಇಳಿಯುವಷ್ಟು ಸಂದು ಇತ್ತು, ತಳದವರೆಗೂ. ಒಂದು ಮಳೆಗೆ ಅದು ಮುಚ್ಚಿಕೊಂಡಿರಲಿಲ್ಲ. ಎರೆ ನೆಲದಲ್ಲಿ ಪೈಪು ಬಿರುಕಿನ ಆಳವನ್ನು ದಾಟಿ, ಬೇಸಿಗೆಯಲ್ಲೂ ತೇವ ಇರುವ ಪದರಕ್ಕೆ ಇಳಿಯಬೇಕು. ಮೂರು ಮೀಟರ್ ಇಳಿಸಿರಿ. ಬೇಸಿಗೆಯಲ್ಲಿ ವಾರಕ್ಕೆ ಎರಡು ಕೊಡ ನೀರು ಹಾಕಿರಿ.

ಗಂಗಾವತಿ, ಕೊಪ್ಪಳ, ಮಸ್ಕಿ ಕಡೆಯ ಮಸಾರಿಯ (ಮರಳು ಮಿಶ್ರಿತ ಕೆಂಪು ಮಣ್ಣಿನ) ಕಥೆ ಬೇರೆ. ಮಣ್ಣು ಉದುರು, ನೀರು ನಿಲ್ಲುವುದಿಲ್ಲ, ಎಷ್ಟೋ ಕಡೆ ನಾಲ್ಕೈದು ಅಡಿಗೆ ಬಂಡೆ ಸಿಗುತ್ತದೆ. ಬಂಡೆಗೆ ರಂಧ್ರ ಕೊರೆದು ಪೈಪು ಇಳಿಸಿದರೆ ಹಣ ಹಾಳು, ಏಕೆಂದರೆ ಬಂಡೆಗೆ ಕರೆಂಟು ಹೀರುವ ಗುಣವೇ ಇಲ್ಲ. ಇಲ್ಲಿ ಆಳಕ್ಕೆ ಹೋಗುವ ಬದಲು ಅಡ್ಡಕ್ಕೆ ಹೋಗಬೇಕು. 25 ಮಿ.ಮೀ. ಅಗಲ, 4 ಮಿ.ಮೀ. ದಪ್ಪದ ಜಿಐ ಪಟ್ಟಿಯನ್ನು ಕನಿಷ್ಠ 15 ಮೀಟರ್ ಉದ್ದಕ್ಕೆ, ಅರ್ಧ ಮೀಟರಿಗಿಂತ ಆಳದ ಕಾಲುವೆಯಲ್ಲಿ ಮಲಗಿಸಿ, ಹೊರಗಿನಿಂದ ತಂದ ಎರೆ ಮಣ್ಣಿನಿಂದ ಮುಚ್ಚಿರಿ. ಅಥವಾ ಎರಡು ಮೂರು ಪೈಪುಗಳನ್ನು ಐದು ಮೀಟರಿಗಿಂತ ಹೆಚ್ಚು ದೂರದಲ್ಲಿ ಇಳಿಸಿ ಪಟ್ಟಿಯಿಂದ ಜೋಡಿಸಿರಿ. ಒತ್ತೊತ್ತಾಗಿ ಬಡಿದ ನಾಲ್ಕು ಪೈಪು ಒಂದೂವರೆ ಪೈಪಿನ ಕೆಲಸವನ್ನೂ ಮಾಡುವುದಿಲ್ಲ.

ಉಪ್ಪನ್ನು ಕೊಡಗಟ್ಟಲೆ ಸುರಿಯುವ ಅಭ್ಯಾಸ ಬಿಡಬೇಕು. ಅಂಕಿ ಇಳಿಯುತ್ತದೆ, ನಿಜ. ಪೈಪೂ ಬೇಗ ತುಕ್ಕು ತಿಂದು ಹೋಗುತ್ತದೆ. ಕೈಗೆ ಸಿಗುವುದಾದರೆ ಬೆಂಟೊನೈಟ್ (ಒಂದು ಬಗೆಯ ಜೇಡಿಮಣ್ಣು) ಪುಡಿ ಮೇಲು. ನೀರು ಹಿಡಿದಿಟ್ಟುಕೊಳ್ಳುತ್ತದೆ, ಪೈಪನ್ನು ತಿನ್ನುವುದಿಲ್ಲ.

5 ಓಮಿನೊಳಗೆ ಬಂದರೆ ಸಂತೋಷ, 10 ಆದರೂ ಒಳ್ಳೆಯದೇ. ಮಸಾರಿಯ ಬಂಡೆ ನೆಲದಲ್ಲಿ 25, 30ಕ್ಕಿಂತ ಇಳಿಯದಿದ್ದರೆ ಗಾಬರಿ ಬೇಡ, ಆರ್‌ಸಿಸಿಬಿ ಇರುವವರೆಗೆ ಅದು ಸಾಕು. ಆರ್‌ಸಿಸಿಬಿ ಇಲ್ಲದಿದ್ದರೆ 5 ಓಮೂ ಸಾಲದು.

ಗುಂಡಿಯ ಜಾಗದ ಬಗ್ಗೆ ಒಂದು ಮಾತು. ಬಚ್ಚಲ ನೀರು ಹರಿಯುವ ಕಡೆ ತೋಡಿದರೆ ತೇವ ಉಳಿಯುತ್ತದೆ ಎಂಬುದು ಸರಿ. ಆದರೆ ದನ ನಿಲ್ಲುವ, ಮಲಗುವ ಜಾಗದಲ್ಲಿ ಮಾತ್ರ ಬೇಡ. ದೋಷ ಬಂದ ಗಳಿಗೆಯಲ್ಲಿ ಗುಂಡಿಯ ಸುತ್ತಲಿನ ನೆಲದಲ್ಲಿ ಹೆಜ್ಜೆಯಿಂದ ಹೆಜ್ಜೆಗೆ ವೋಲ್ಟೇಜು ಬದಲಾಗುತ್ತದೆ. ನಮಗೆ ಕಾಲಲ್ಲಿ ಚಪ್ಪಲಿ ಇದೆ, ಎರಡು ಪಾದಗಳ ಅಂತರವೂ ಕಡಿಮೆ. ದನದ ಮುಂಗಾಲಿಗೂ ಹಿಂಗಾಲಿಗೂ ಸುಮಾರು ಒಂದೂವರೆ ಮೀಟರ್ ಅಂತರ, ಗೊರಸು ಗಂಜಲದಲ್ಲಿ ನೆನೆದಿರುತ್ತದೆ, ಕರೆಂಟು ಹಾದುಹೋಗುವ ದಾರಿಯಲ್ಲೇ ಹೃದಯ ಇದೆ. ಮನುಷ್ಯನಿಗೆ ಜುಮ್ಮೆನ್ನುವ ಕಡೆ ದನ ಸಾಯುತ್ತದೆ. ಆ ಎಮ್ಮೆ ಹಿಂದೆ ಸರಿದದ್ದು ಇದನ್ನು ಅರಿತೇ.

ಹಂತ 5: ಚೌಕಟ್ಟನ್ನೆಲ್ಲ ಒಂದಾಗಿ ಬೆಸೆಯುವುದು

ಒಂದು ಕಂಬಕ್ಕೆ ಅರ್ಥ್ ಕೊಟ್ಟರೆ ಇಡೀ ಶೆಡ್ಡಿಗೆ ಕೊಟ್ಟಂತೆ ಎಂದು ನಂಬಬೇಡಿ. ಅಡ್ಡಪಟ್ಟಿಗಳಿಗೆ ಬಣ್ಣ ಬಳಿದಿರುತ್ತದೆ, ತಗಡಿನ ಸ್ಕ್ರೂಗಳಿಗೆ ರಬ್ಬರ್ ವಾಷರ್ ಇರುತ್ತದೆ. ಒಂದು ತಗಡು ಅರ್ಥ್ ಆಗಿದ್ದು ಪಕ್ಕದ್ದು ಆಗದೆ ಇರಬಹುದು. 25 ಗುಣಿಸು 3 ಮಿ.ಮೀ. ಜಿಐ ಪಟ್ಟಿಯನ್ನು ಶೆಡ್ಡಿನ ಬುಡದ ಸುತ್ತ ಓಡಿಸಿ, ಎದುರು ಬದುರಿನ ಕನಿಷ್ಠ ಎರಡು ಕಂಬಗಳಿಗೆ ಬೋಲ್ಟು ಹಾಕಿರಿ. ಬೋಲ್ಟು ಕೂರುವ ಜಾಗದಲ್ಲಿ ಬಣ್ಣವನ್ನು ಲೋಹ ಹೊಳೆಯುವವರೆಗೆ ಕೆರೆದು, ಸ್ಪ್ರಿಂಗ್ ವಾಷರ್ ಇಟ್ಟು ಬಿಗಿದು, ಮೇಲೆ ಸತುವಿನ ಬಣ್ಣ ಬಳಿಯಿರಿ. ತಾಮ್ರದ ವೈರನ್ನು ಜಿಐ ಮೇಲೆ ಬರಿದಾಗಿ ಸುತ್ತಬೇಡಿ. ತೇವ ಸೇರಿದರೆ ತಾಮ್ರದ ಸಂಗದಿಂದ ಜಿಐ ಬೇಗ ಸವೆದು ತುಕ್ಕು ಹಿಡಿಯುತ್ತದೆ. ತವರ ಲೇಪಿಸಿದ ಲಗ್ ಬಳಸಿರಿ. ತಗಡಿನ ಬಾಗಿಲಿಗೆ ಕೀಲನ್ನು ನೆಚ್ಚದೆ ಬಳುಕುವ ತಾಮ್ರದ ತುಂಡೊಂದನ್ನು ಕಂಬದಿಂದ ಜೋಡಿಸಿರಿ.

ನ್ಯೂಟ್ರಲ್ಲನ್ನು ಶೆಡ್ಡಿನ ಮೈಗೆ ಎಂದಿಗೂ ಕಟ್ಟಬೇಡಿ. ಊರ ಲೈನಿನಲ್ಲಿ ನ್ಯೂಟ್ರಲ್ ಕಡಿದ ದಿನ ನಿಮ್ಮ ಶೆಡ್ಡು ಫೇಸ್ ಆಗುತ್ತದೆ. ಇದಕ್ಕೆ ಅಣ್ಣನಂಥ ಇನ್ನೊಂದು ಕೆಟ್ಟ ಚಾಳಿ ಇದೆ: ನ್ಯೂಟ್ರಲ್ ಇಲ್ಲದ ಹೊತ್ತಿನಲ್ಲಿ ಫೇಸ್ ಒಂದನ್ನೇ ಎಳೆದು, ಇನ್ನೊಂದು ತುದಿಯನ್ನು ಅರ್ಥ್ ಪೈಪಿಗೆ ಕಟ್ಟಿ ಬಲ್ಬು ಉರಿಸುವುದು. ಬಲ್ಬು ಉರಿಯುತ್ತದೆ. ಪೈಪಿಗೆ ಕಟ್ಟಿದ ವೈರು ಸಡಿಲವಾದ ಗಳಿಗೆಯಲ್ಲಿ ಅದನ್ನು ಹಿಡಿದು ಬಿಗಿಯಲು ಹೋದವನು ಉಳಿಯುವುದಿಲ್ಲ.

ಹಂತ 6: ಒಳಗಿನ ವೈರಿಂಗ್

ಬೇಸಿಗೆಯ ಮಧ್ಯಾಹ್ನ ರಾಯಚೂರಿನಲ್ಲಿ ತಗಡಿನ ಒಳಮೈಗೆ ಅಂಗೈ ಇಡಲಾಗುವುದಿಲ್ಲ. ಸಾಮಾನ್ಯ ಪಿವಿಸಿ ವೈರು ತಡೆಯುವ ಮಿತಿ 70 ಡಿಗ್ರಿ, ಅದೂ ಒಳಗಿನ ಬಿಸಿಯನ್ನು ಸೇರಿಸಿ. ಹೀಗಾಗಿ ಕಾಂಡ್ಯೂಟ್ ಪೈಪನ್ನು ತಗಡಿಗೆ ಅಂಟಿಸದೆ ಅರ್ಧ ಅಡಿ ಕೆಳಗೆ ಓಡಿಸಿರಿ. ಸ್ಕ್ರೂಗಳ ಮೊನೆಯಿಂದಲೂ ಅದು ಆಗ ದೂರ ಉಳಿಯುತ್ತದೆ. ಅಡ್ಡಪಟ್ಟಿಯ ಪೊಳ್ಳಿನೊಳಗೆ ವೈರು ತೂರಿಸುವುದು ಕಣ್ಣಿಗೆ ಅಂದ, ಆದರೆ ಅಜ್ಜಿಯ ಶೆಡ್ಡಿನಲ್ಲಿ ಆದದ್ದು ಅಂಥ ಅಂದದಿಂದಲೇ. ತಗಡಿಗೆ ರಂಧ್ರ ಮಾಡಿ ವೈರು ದಾಟಿಸುವ ಪ್ರತಿ ಜಾಗದಲ್ಲೂ ರಬ್ಬರ್ ಬುಷ್ ಇರಲೇಬೇಕು. ಭತ್ತ, ಮೆಕ್ಕೆಜೋಳ ಇಡುವ ಶೆಡ್ಡಿನಲ್ಲಿ ಇಲಿ ಬರದೆ ಇರುವುದಿಲ್ಲ, ಪೈಪಿನ ಬಾಯಿಗಳನ್ನು ಮುಚ್ಚಿರಿ.

ಸ್ವಿಚ್ಚು, ಸಾಕೆಟ್ಟು ನೆಲದಿಂದ ಒಂದೂವರೆ ಮೀಟರ್ ಮೇಲೆ, ದನದ ಬಾಲಕ್ಕೂ ಕೊಂಬಿಗೂ ಎಟುಕದ ಕಡೆ ಇರಲಿ. ದೀಪಗಳು ಐಪಿ 65 ಗುರುತಿನವು, ದೂಳಿಗೂ ನೀರಿಗೂ ತಡೆಯಿರುವವು ಇರಲಿ.

ಹಂತ 7: ಯಂತ್ರಗಳು

ಮೇವು ಕತ್ತರಿಸುವ ಯಂತ್ರ, ತಗಡಿನ ಮೈಯ ಕೂಲರ್, ವೆಲ್ಡಿಂಗ್ ಯಂತ್ರ, ಈ ಮೂರನ್ನು ವಿಶೇಷವಾಗಿ ನೋಡಿರಿ. ಕೂಲರಿಗೆ ಎರಡು ಕಡ್ಡಿಯ ಪ್ಲಗ್ ಹಾಕುವುದು ನಮ್ಮ ಕಡೆಯ ಮಾಮೂಲು. ತಗಡಿನ ಮೈ, ಒಳಗೆ ನೀರು, ಅರ್ಥ್ ಇಲ್ಲ. ಮೂರು ಕಡ್ಡಿಯ ಪ್ಲಗ್ಗೇ ಬೇಕು. ನೀರು ತುಂಬುವಾಗ ಪ್ಲಗ್ ಕಿತ್ತಿಟ್ಟೇ ತುಂಬಬೇಕು. ಮೂರು ಫೇಸಿನ ಮೋಟರು, ಸ್ಟಾರ್ಟರು ಬಾಕ್ಸುಗಳಿಗೆ ಅರ್ಥ್ ಎರಡು ಬೇರೆ ಬೇರೆ ಎಳೆಯಲ್ಲಿ ಹೋಗಬೇಕು. 250 ವೋಲ್ಟಿಗಿಂತ ಮೇಲಿನ ಯಂತ್ರಕ್ಕೆ ನಿಯಮವೂ ಅದೇ.

ಹಂತ 8: ಅಳೆದು ನೋಡದೆ ಹಣ ಕೊಡಬೇಡಿ

ಫೇಸಿಗೂ ಅರ್ಥಿಗೂ ನಡುವೆ ಬಲ್ಬು ಹಿಡಿದು "ಉರಿಯಿತಲ್ಲ, ಅರ್ಥಿಂಗ್ ಗಟ್ಟಿ" ಎನ್ನುವ ಪರೀಕ್ಷೆಯನ್ನು ಒಪ್ಪಬೇಡಿ. 100 ವಾಟಿನ ಹಳೆಯ ಬಲ್ಬು ಅರ್ಧ ಆಂಪಿಯರೂ ಎಳೆಯುವುದಿಲ್ಲ. 38 ಓಮಿನ ಗುಂಡಿಯ ಮೇಲೂ ಅದು ಹೆಚ್ಚುಕಡಿಮೆ ಪೂರ್ತಿ ಉರಿಯುತ್ತದೆ. ಎಲ್‌ಇಡಿಯಂತೂ ಇನ್ನೂ ಕೆಟ್ಟ ಗುಂಡಿಯ ಮೇಲೂ ಉರಿಯುತ್ತದೆ. ಅರ್ಥ್ ವೈರು ಗುಂಡಿಯ ಬಳಿ ಕಡಿದಿದ್ದರೆ ಆ ಬಲ್ಬಿನ ಮೂಲಕ ಇಡೀ ಶೆಡ್ಡಿಗೆ ಫೇಸ್ ಏರಿಸಿದಂತಾಗುತ್ತದೆ.

ಅರ್ಥ್ ಟೆಸ್ಟರ್ ತರಿಸಿರಿ. ಗುಂಡಿಯ ಜೋಡಣೆ ಬಿಚ್ಚುವ ಮೊದಲು ಮೇನ್ ಬಂದ್ ಮಾಡಿ, ಎರಡು ಮೊಳೆಗಳನ್ನು ದೂರ ದೂರ ನೆಟ್ಟು ಅಳೆಯುತ್ತಾರೆ. ವೈರಿಂಗಿಗೆ 500 ವೋಲ್ಟಿನ ಮೆಗ್ಗರ್ (ಸಿಪ್ಪೆಯ ತಡೆ ಅಳೆಯುವ ಮೀಟರು) ಹಾಕಿಸಿರಿ, ಬಲ್ಬು, ಯಂತ್ರ ಎಲ್ಲ ಕಳಚಿ. ವೈರಿನಿಂದ ಅರ್ಥಿಗೆ 1 ಮೆಗಾ ಓಮಿಗಿಂತ ಕಡಿಮೆ ಬಂದರೆ ಎಲ್ಲೋ ಸಿಪ್ಪೆ ಹೋಗಿದೆ. ಕಂಬ, ಬಾಗಿಲು, ತಗಡು ಒಂದೊಂದನ್ನೂ ಮೀಟರಿನಿಂದ ಅರ್ಥ್ ಪಟ್ಟಿಗೆ ಮುಟ್ಟಿಸಿ, ನಡುವೆ ತಡೆ ಇಲ್ಲವೆಂದು ಖಚಿತ ಮಾಡಿಕೊಳ್ಳಿರಿ. ಕೊನೆಗೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿರಿ. ಅದು ಬಿದ್ದರೆ ಆರ್‌ಸಿಸಿಬಿ ಸರಿಯಿದೆ ಎಂದಷ್ಟೇ ಅರ್ಥ, ಅರ್ಥಿಂಗ್ ಗುಂಡಿ ಸರಿಯಿದೆ ಎಂದಲ್ಲ.

ಯಾರಿಗಾದರೂ ಶಾಕ್ ಹೊಡೆದರೆ

ಮೊದಲು ಮೇನ್ ಬಂದ್ ಮಾಡಿರಿ. ತಗಡನ್ನೂ ಅವರನ್ನೂ ಮುಟ್ಟಬೇಡಿ. ಮೇನ್ ದೂರವಿದ್ದರೆ ಒಣ ಕಟ್ಟಿಗೆಯಿಂದ ವೈರನ್ನು ಸರಿಸಿರಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈಯಿಂದ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಒತ್ತುತ್ತಲೇ 108ಕ್ಕೆ ಕರೆ ಮಾಡಿಸಿರಿ. ಲೈನು ಬಂದ್ ಮಾಡಿಸಲು 1912.

ಹಂತ 9: ಕಾರಹುಣ್ಣಿಮೆಗೆ ಮೊದಲು ಒಂದು ದಿನ

ಕಾರಹುಣ್ಣಿಮೆಗೆ ಎತ್ತು ತೊಳೆಯುತ್ತೇವೆ, ಕೊಟ್ಟಿಗೆ ಸಾರಿಸುತ್ತೇವೆ. ಮುಂಗಾರು ಕಾಲಿಡುವ ಹೊತ್ತೂ ಅದೇ. ಗುಂಡಿಯ ಮುಚ್ಚಳ ತೆಗೆದು ಬೋಲ್ಟು ಬಿಗಿಯಾಗಿದೆಯೇ, ತುಕ್ಕು ಹಿಡಿದಿದೆಯೇ ನೋಡಲು, ಗುಂಡಿ ಅಳೆಸಲು ಅದಕ್ಕಿಂತ ತಕ್ಕ ಸಮಯವಿಲ್ಲ. ಬೇಸಿಗೆಯ ಕೊನೆಯ ಅಂಕಿಯೇ ನಿಜವಾದ ಅಂಕಿ. ಟೆಸ್ಟ್ ಬಟನ್ನನ್ನು ಮಾತ್ರ ತಿಂಗಳಿಗೊಮ್ಮೆ ಒತ್ತಬೇಕು, ಅಮಾವಾಸ್ಯೆಯ ದಿನ ಎಂದು ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ.

ಅಜ್ಜಿಯ ಶೆಡ್ಡಿನ ಡಿಬಿ ಮುಚ್ಚಳದ ಒಳಬದಿಗೆ ನಾನು ಕಾಗದವೊಂದನ್ನು ಅಂಟಿಸಿದ್ದೇನೆ. ಮೊದಲ ಸಾಲಿನಲ್ಲಿ ಹಳೆಯ ಪೈಪಿನ 38 ಓಮ್, ಎರಡನೆಯದರಲ್ಲಿ ಮೂರು ಮೀಟರಿನ ಹೊಸ ಪೈಪಿನ 6 ಓಮ್ ಬರೆದಿದೆ. ಅದರ ಕೆಳಗೆ ಅವರ ಮೊಮ್ಮಗಳು ಪ್ರತಿ ಅಮಾವಾಸ್ಯೆಗೆ ಟೆಸ್ಟ್ ಬಟನ್ ಒತ್ತಿ, ತಾರೀಖು ಬರೆದು, "ಬಿತ್ತು" ಎಂದು ಗುರುತು ಹಾಕುತ್ತಾಳೆ.